ಬೇಸಿಗೆ ರಜೆಗೆ ಮಸ್ಕತ್ ಬೇಡ, ದಯವಿಟ್ಟು

ಮೊದಲ ಮಾತೇ ಇದು. ಮಕ್ಕಳಿಗೆ ರಜೆ ಇದೆ, ಹೋಟೆಲ್ ಕಡಿಮೆ ರೇಟಿಗೆ ಸಿಗುತ್ತಿದೆ ಅಂತ ಮೇ ತಿಂಗಳಲ್ಲಿ ಒಮಾನ್‌ಗೆ ಟಿಕೆಟ್ ಮಾಡಬೇಡಿ. ಆ ರೇಟು ಅಷ್ಟು ಇಳಿದಿರುವುದಕ್ಕೆ ಕಾರಣ ಇದೆ. ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಒಮಾನ್ ರಾಜಧಾನಿ ಮಸ್ಕತ್‌ಗೆ ನೇರ ವಿಮಾನ ಇದೆ, ಮೂರು ಮೂರೂವರೆ ಗಂಟೆಯ ದಾರಿ, ಹಾಗಾಗಿ ನಮ್ಮವರಿಗೆ ಇದು ಪಕ್ಕದ ಊರಿಗೆ ಹೋಗಿಬಂದಷ್ಟು ಸುಲಭ ಅನ್ನಿಸಿಬಿಡುತ್ತದೆ. ದಾರಿ ಸುಲಭ, ನಿಜ. ಇಳಿದ ಮೇಲಿನ ಬಿಸಿಲು ಸುಲಭ ಇಲ್ಲ.

ಮರಳುಗಾಡು ಅಂದ ತಕ್ಷಣ ನಮಗೆ ತಲೆಗೆ ಬರುವುದು ಏನು? ಹಗಲು ಸುಡುವ ಒಣ ಬಿಸಿಲು, ರಾತ್ರಿ ತಂಪು. ಒಳನಾಡಿನ ಮರಳುಗಾಡಿಗೆ ಅದು ಸರಿ. ಕರಾವಳಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಬೇಸಿಗೆಯಲ್ಲಿ ಸಮುದ್ರದ ನೀರೇ ಬಿಸಿಯಾಗಿರುತ್ತದೆ, ಅದರ ತೇವ ಎಲ್ಲ ಗಾಳಿಗೆ ಸೇರಿರುತ್ತದೆ, ಹಾಗಾಗಿ ಬೆವರು ಆರುವುದೇ ಇಲ್ಲ. ಕಲಬುರಗಿಯ ಬಿಸಿಲಿಗೆ ಮಂಗಳೂರಿನ ಸೆಕೆ ಕೂಡಿಸಿ ನೋಡಿ, ಅದು. ಎಸಿ ಕಾರಿನಿಂದ ಇಳಿದರೆ ಕನ್ನಡಕದ ಗಾಜು ಮಂಜಾಗುತ್ತದೆ. ರಾತ್ರಿ ಹನ್ನೊಂದಾದರೂ ಬಿಡುಗಡೆ ಇಲ್ಲ. ಮಸ್ಕತ್‌ನಿಂದ ಸ್ವಲ್ಪ ದೂರದಲ್ಲಿ ಕುರಿಯಾತ್ ಅಂತ ಸಮುದ್ರದ ದಡದ ಊರಿದೆ. 2018ರ ಜೂನ್‌ನಲ್ಲಿ ಅಲ್ಲಿ 24 ಗಂಟೆಗಳ ಕಾಲ ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅದು ಮಧ್ಯಾಹ್ನದ ಲೆಕ್ಕ ಅಂದುಕೊಳ್ಳಬೇಡಿ, ಇಡೀ ದಿನದಲ್ಲಿ ಅತಿ ಕಡಿಮೆ ಇದ್ದದ್ದು ಅದು! ಅಲ್ಲಿನ ಸರ್ಕಾರವೇ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಮಾಡಿದೆ. ಅದೇ ಬಿಸಿಲಿಗೆ ನಾವು ಅಜ್ಜಿಯನ್ನೂ ಐದು ವರ್ಷದ ಮಗುವನ್ನೂ ಕರೆದುಕೊಂಡು ಹೋಗಿ ಕೋಟೆ ಹತ್ತಿಸುತ್ತೇವೆ. ನನಗೆ ನಿಜವಾಗಿಯೂ ಸಂಕಟ ಆಗುವುದು ಇದಕ್ಕೇ.

ಹಾಗಾದರೆ ಯಾವಾಗ? ನವೆಂಬರ್‌ನಿಂದ ಮಾರ್ಚ್ ಮಧ್ಯದ ತನಕ. ಡಿಸೆಂಬರ್ ಕೊನೆಯ ರಜೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ದಸರಾ ರಜೆಯಲ್ಲಿ ಸೆಕೆ ಪೂರ್ತಿ ಹೋಗಿರುವುದಿಲ್ಲ, ಆದರೂ ಬೆಳಗ್ಗೆ ಸಂಜೆ ಓಡಾಡಬಹುದು. ನಮಗೆ ಏಪ್ರಿಲ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವವರು ಕರಾವಳಿಯಲ್ಲಿ ಒಂದೆರಡು ದಿನ ಕಳೆದು ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗಿಬಿಡಿ. ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ ಹಳ್ಳಿಗಳಿವೆ, ಹವೆ ತಂಪಾಗಿರುತ್ತದೆ, ಏಪ್ರಿಲ್ ಹೊತ್ತಿಗೆ ಅಲ್ಲಿ ಗುಲಾಬಿ ಕೊಯ್ಲು ನಡೆಯುತ್ತಿರುತ್ತದೆ, ಆ ಹೂವಿನಿಂದ ಪನ್ನೀರು ತೆಗೆಯುತ್ತಾರೆ. ಒಂದು ಮಾತು, ಬೆಟ್ಟದ ಬುಡದಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ. ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಮೇಲಕ್ಕೆ ಬಿಡುವುದಿಲ್ಲ.

ತಾರೀಖು ಗೊತ್ತುಮಾಡುವ ಮುಂಚೆ ರಂಜಾನ್ ಯಾವಾಗ ಅಂತಲೂ ನೋಡಿ. ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಈಗ ಸರಿಯಾಗಿ ಒಳ್ಳೆಯ ಹವೆಯ ತಿಂಗಳುಗಳಿಗೇ ಬಂದು ಬೀಳುತ್ತಿದೆ. 2027ರಲ್ಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರು. ಹೋಗಲೇಬಾರದು ಅಂತೇನಿಲ್ಲ, ಸಂಜೆಯ ಬೀದಿಗಳು ಆಗ ತುಂಬಾ ಚೆನ್ನಾಗಿರುತ್ತವೆ. ಆದರೆ ಹಗಲಿನಲ್ಲಿ ಹೊರಗಡೆ ತಿನ್ನುವುದು, ನೀರು ಕುಡಿಯುವುದು ಕೂಡ ತಪ್ಪು, ಎಷ್ಟೋ ಹೋಟೆಲು ಮುಚ್ಚಿರುತ್ತವೆ. ಚಿಕ್ಕ ಮಕ್ಕಳಿದ್ದರೆ ಯೋಚನೆ ಮಾಡಿ.

ಇನ್ನು ದಿನವನ್ನು ಹೇಗೆ ಕಳೆಯಬೇಕು ಅನ್ನುವುದು. ಇಲ್ಲೇ ನನಗೆ ಟೂರ್ ಪ್ಯಾಕೇಜುಗಳ ಮೇಲೆ ಸಿಟ್ಟು. ಬೆಳಗ್ಗೆ ಒಂಬತ್ತೂವರೆಗೆ ತಿಂಡಿ, ಹತ್ತೂವರೆಗೆ ಮಸೀದಿ, ಹನ್ನೆರಡಕ್ಕೆ ಅರಮನೆ, ಎರಡಕ್ಕೆ ಮಾರ್ಕೆಟ್ಟು, ಹೀಗೆ ಕಣ್ಣುಮುಚ್ಚಿ ಪಟ್ಟಿ ಮಾಡಿರುತ್ತಾರೆ. ಸುಲ್ತಾನ್ ಕಾಬೂಸ್ ಗ್ರ್ಯಾಂಡ್ ಮಸೀದಿಯಲ್ಲಿ ಮುಸ್ಲಿಮರಲ್ಲದವರಿಗೆ ಪ್ರವೇಶ ಬೆಳಗ್ಗೆ 8ರಿಂದ 11ರ ತನಕ ಮಾತ್ರ, ಶುಕ್ರವಾರ ಇಲ್ಲವೇ ಇಲ್ಲ. ಹತ್ತೂವರೆಗೆ ಹೋದರೆ ಏನು ನೋಡುತ್ತೀರಿ? ಒಳಗಿನ ಆ ಒಂದು ಕಾರ್ಪೆಟ್ಟನ್ನು ಇರಾನಿನ 600 ಹೆಂಗಸರು ನಾಲ್ಕು ವರ್ಷ ಕೂತು ಕೈಯಲ್ಲಿ ನೇಯ್ದಿದ್ದಾರೆ. ಅದರ ಮುಂದೆ ನಿಂತು ನೋಡುವುದಕ್ಕೇ ಅರ್ಧ ಗಂಟೆ ಬೇಕು. ಮತ್ರಾ ಸೂಕ್, ಅಂದರೆ ಅಲ್ಲಿನ ಹಳೇ ಪೇಟೆ, ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಆ ಊರಿನವರು ನೂರಾರು ವರ್ಷದಿಂದ ಆ ಬಿಸಿಲಿನ ಜೊತೆ ಬಾಳಿದ್ದಾರೆ, ಅವರೇ ಮಧ್ಯಾಹ್ನ ಮನೆಯಲ್ಲಿರುತ್ತಾರೆ. ನೀವೂ ಹಾಗೇ ಮಾಡಿ. ಬೆಳಗ್ಗೆ ಆರೂವರೆಗೆಲ್ಲ ಹೊರಡಿ, ಹನ್ನೊಂದಕ್ಕೆ ವಾಪಸ್ ಬನ್ನಿ, ಊಟ ಮಾಡಿ ಮಲಗಿ, ನಾಲ್ಕರ ಮೇಲೆ ಮತ್ತೆ ಹೊರಡಿ. ನೋಡುವ ಜಾಗ ಎರಡು ಕಡಿಮೆಯಾದರೆ ಆಗಲಿ.

ಮತ್ರಾದಲ್ಲಿ ಲೋಬಾನ ತಗೊಳ್ಳಿ, ಅದು ಆ ನೆಲದ್ದೇ. ತಿಳಿ ಬಣ್ಣದ, ದೊಡ್ಡ ಹರಳಿಗೆ ಬೆಲೆ ಜಾಸ್ತಿ. ಧಾರಾಳವಾಗಿ ಚೌಕಾಸಿ ಮಾಡಿ, ಆದರೆ ನಗುನಗುತ್ತಾ ಮಾಡಿ. ಈ ಬಂದರಿಗೂ ನಮಗೂ ಹಳೇ ನಂಟು. ನಮ್ಮ ಕರಾವಳಿಯ ಅಕ್ಕಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ.

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ವಾಡಿಗಳು. ಬೆಟ್ಟಗಳ ನಡುವಿನ ಕಣಿವೆ, ಒಣ ಹಳ್ಳದ ಪಾತ್ರ, ಕೆಲವು ಕಡೆ ವರ್ಷವಿಡೀ ಹಸಿರು ಬಣ್ಣದ ನೀರು. ಮಸ್ಕತ್‌ನಿಂದ ಸೂರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ವಾಡಿ ಶಾಬ್ ಸಿಗುತ್ತದೆ. ಸಣ್ಣ ದೋಣಿಯಲ್ಲಿ ನೀರು ದಾಟಿ, ಕಲ್ಲುಗಳ ಮೇಲೆ ಮುಕ್ಕಾಲು ಒಂದು ಗಂಟೆ ನಡೆದು, ಆಮೇಲೆ ಈಜಿಕೊಂಡೇ ಹೋದರೆ ಕೊನೆಯಲ್ಲಿ ಬಂಡೆಯ ಸಂದಿಯೊಳಗೆ ಒಂದು ಗವಿ, ಅದರೊಳಗೆ ನೀರು ಬೀಳುತ್ತಿರುತ್ತದೆ. ಎಂಥಾ ಜಾಗ ಅಂದರೆ, ಒಮಾನ್‌ನಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಆ ಕೊನೆಯ ಕೊಳಗಳಿಗೆ ಇಳಿಯಲೇಬೇಡಿ. ಚಪ್ಪಲಿಯಲ್ಲಿ ಹೋಗಬೇಡಿ, ಕಲ್ಲು ಜಾರುತ್ತದೆ, ಹಿಡಿತ ಇರುವ ಶೂ ಬೇಕು.

ಮಳೆಯ ಸುದ್ದಿ ಇದ್ದರೆ ವಾಡಿಯ ಕಡೆ ತಲೆ ಕೂಡ ಹಾಕಬೇಡಿ. ನೀವಿರುವಲ್ಲಿ ಆಕಾಶ ಸ್ವಚ್ಛವಾಗಿರುತ್ತದೆ, ಮಳೆ ಬಿದ್ದಿರುವುದು ದೂರದ ಬೆಟ್ಟದಲ್ಲಿ. ಕಲ್ಲುನೆಲ ಆ ನೀರನ್ನು ಕುಡಿಯುವುದಿಲ್ಲ, ಅಷ್ಟೂ ನೀರು ಒಟ್ಟಿಗೇ ಕಣಿವೆಗೆ ನುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಹೀಗೆ ಬಂದ ನೀರಿನಲ್ಲಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋಗಿ ಮಕ್ಕಳೇ ಸತ್ತರು. ಅಲ್ಲೇ ಹುಟ್ಟಿ ಬೆಳೆದವರಿಗೇ ಹೀಗಾಗುವಾಗ ಹೊರಗಿನವರು ನಾವು ಎಷ್ಟು ಹುಷಾರಾಗಿರಬೇಕು ಹೇಳಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಮುಂದಿನ ಗಾಡಿ ದಾಟಿತು ಅಂತ ನೀವೂ ದಾಟಲು ಹೋಗಬೇಡಿ. ಅದು ಅಲ್ಲಿ ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ.

ಕಾರು ಬಾಡಿಗೆಗೆ ತಗೊಳ್ಳಿ ಅಂತಲೇ ನನ್ನ ಸಲಹೆ, ಯಾಕೆಂದರೆ ಒಳ್ಳೆಯ ಜಾಗಗಳೆಲ್ಲ ಊರಿನ ಹೊರಗಿವೆ, ರಸ್ತೆಗಳು ಚೆನ್ನಾಗಿವೆ. ಆದರೆ ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಮೊದಲ ದಿನ ಸರ್ಕಲ್‌ಗಳಲ್ಲಿ ತಲೆ ಗೊಂದಲ ಆಗುತ್ತದೆ, ಸರ್ಕಲ್ ಒಳಗೆ ಆಗಲೇ ಇರುವ ಗಾಡಿಗೆ ದಾರಿ ಬಿಡಬೇಕು ಅನ್ನುವುದನ್ನು ನೆನಪಿಡಿ. ಹೆದ್ದಾರಿಯಲ್ಲಿ 120ರ ಮಿತಿ, ಎಲ್ಲಾ ಕಡೆ ಕ್ಯಾಮೆರಾ. ಕತ್ತಲಾದ ಮೇಲೆ ಊರ ಹೊರಗೆ ಓಡಿಸಬೇಡಿ, ಒಂಟೆಗಳು ರಸ್ತೆಗೆ ಬರುತ್ತವೆ, ಅವುಗಳ ಉದ್ದ ಕಾಲಿಗೆ ಗುದ್ದಿದರೆ ಮೈ ಭಾರವೆಲ್ಲ ಗಾಜಿನ ಮೇಲೇ ಬೀಳುತ್ತದೆ.

ಮರಳು ದಿಬ್ಬಗಳಿಗೆ ಬಿದಿಯಾ ಊರಿನ ಕಡೆಯಿಂದ ಹೋಗುತ್ತಾರೆ. ಅಲ್ಲಿ ನೀವೇ ಓಡಿಸುವ ಧೈರ್ಯ ಬೇಡ, ನೀವು ತಂಗುವ ಕ್ಯಾಂಪಿನವರೇ ಟಾರ್ ರಸ್ತೆಯ ತನಕ ಬಂದು ಕರೆದುಕೊಂಡು ಹೋಗುತ್ತಾರೆ. ಬಾಡಿಗೆ ಕಾರಿನ ವಿಮೆ ಎಷ್ಟೋ ಸಲ ಮರಳಿಗೆ ಅನ್ವಯಿಸುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ಸ್ವೆಟರ್ ಬೇಕೇ ಬೇಕು.

ಒಮಾನ್‌ನ ದಕ್ಷಿಣದ ಕರಾವಳಿ ಊರು ಸಲಾಲಾ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಜುಲೈ ಆಗಸ್ಟ್‌ನಲ್ಲಿ ಅಲ್ಲಿ ಮಂಜು, ತುಂತುರು ಮಳೆ, ಹಸಿರು ಬೆಟ್ಟ. ಗಲ್ಫ್‌ನವರಿಗೆ ಅದು ಸ್ವರ್ಗ. ಆದರೆ ಅದನ್ನು ತರುವುದು ನಮ್ಮ ಆಗುಂಬೆಗೆ ಮಳೆ ತರುವ ಅದೇ ಮುಂಗಾರು. ಅದಕ್ಕಾಗಿ ನಾವು ದುಬಾರಿ ಸೀಸನ್ನಿನಲ್ಲಿ ಅಲ್ಲಿಗೆ ಹೋಗುವುದು ಯಾಕೆ? ಆಗ ಸಮುದ್ರವೂ ಒರಟು, ಇಳಿಯಲು ಆಗುವುದಿಲ್ಲ. ಚಳಿಗಾಲದಲ್ಲಿ ಹೋಗಿ, ಬಿಳಿ ಮರಳಿನ ಕಡಲತೀರ ನಿಮ್ಮದೇ. ವಾಡಿ ದೌಕಾದಲ್ಲಿ ಲೋಬಾನದ ಮರಗಳನ್ನೂ ನೋಡಿಬನ್ನಿ.

ಉಳಿದದ್ದು ಸಣ್ಣಪುಟ್ಟ. ಒಂದು ರಿಯಾಲ್‌ಗೆ ಸಾವಿರ ಬೈಸಾ. ಹತ್ತು ರಿಯಾಲ್ ಅಂದರೆ ಕಿವಿಗೆ ಚಿಲ್ಲರೆ ಅನ್ನಿಸುತ್ತದೆ, ಅದು ಎರಡು ಸಾವಿರ ರೂಪಾಯಿಗಿಂತ ಜಾಸ್ತಿ. ಮಂಡಿ, ಭುಜ ಮುಚ್ಚುವ ಬಟ್ಟೆ ಹಾಕಿ. ಮಸೀದಿಗೆ ಹೆಂಗಸರು ಪೂರ್ತಿ ತೋಳಿನ ಚೂಡಿದಾರ್, ತಲೆಗೆ ದುಪ್ಪಟ್ಟಾ ಒಯ್ದರೆ ಗೇಟಿನಲ್ಲಿ ಬಾಡಿಗೆಗೆ ತಗೊಳ್ಳುವ ಅಗತ್ಯ ಬರುವುದಿಲ್ಲ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಹೆಂಗಸರದ್ದಂತೂ ಬೇಡವೇ ಬೇಡ. ಬಾಯಾರಿಕೆ ಆಗುವ ಮುಂಚೆಯೇ ನೀರು ಕುಡಿಯಿರಿ, ಅಂಗಡಿಗಳಲ್ಲಿ ಸಿಗುವ ಲಬನ್ ನಮ್ಮ ಮಜ್ಜಿಗೆಯ ಹಾಗೇ ಇರುತ್ತದೆ, ಅದೂ ಒಳ್ಳೆಯದು. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಡಾಕ್ಟರ್ ಚೀಟಿಯ ಸಮೇತ, ಅವುಗಳದ್ದೇ ಸ್ಟ್ರಿಪ್‌ನಲ್ಲಿ ಒಯ್ಯಿರಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಕೊಡೀನ್, ಟ್ರಾಮಡಾಲ್ ಇರುವ ಕೆಮ್ಮಿನ, ನೋವಿನ ಔಷಧಿಗಳಿದ್ದರೆ ಮೊದಲೇ ನಿಯಮ ವಿಚಾರಿಸಿ. ಮತ್ತೆ ದುಬೈ ಮೂಲಕ ಹೋಗುವವರು, ಅಲ್ಲಿರುವ ಅಕ್ಕನಿಗೆ ಪಾಯಸಕ್ಕೆ ಅಂತ ಅಮ್ಮ ಗಸಗಸೆ ಕಟ್ಟಿಕೊಟ್ಟಿದ್ದರೆ ಅದನ್ನು ಮನೆಯಲ್ಲೇ ತೆಗೆದಿಡಿ. ಯುಎಇಯಲ್ಲಿ ಗಸಗಸೆ ನಿಷೇಧ, ಬ್ಯಾಗಿನಲ್ಲಿ ಸಿಕ್ಕರೆ ಕೇಸ್ ಆಗುತ್ತದೆ.