ಬಾರದ ಕ್ಯಾಶ್‌ಬ್ಯಾಕ್‌ಗೆ ಯಾರನ್ನು ಕೇಳಬೇಕು?

ಕೇಳುಗರಿಗೆ ನಮಸ್ಕಾರ.

ಮೈಸೂರು ಅರಮನೆ ಮುಂದೆ ಪ್ರವಾಸಿಗರನ್ನು ಕೂಗಿ ಕರೆಯುವ ಆಟೋದವರನ್ನು ನೀವೆಲ್ಲ ನೋಡಿರುತ್ತೀರಿ. ‘ಬನ್ನಿ ಸಾರ್, ಐವತ್ತು ರೂಪಾಯಿ ಕೊಡಿ ಸಾಕು. ರೇಷ್ಮೆ ಸೀರೆ ಅಂಗಡಿ, ಗಂಧದೆಣ್ಣೆ ಅಂಗಡಿ ಎಲ್ಲಾ ತೋರಿಸ್ತೀನಿ.’ ಈಗಿನ ಕಾಲದಲ್ಲಿ ಐವತ್ತು ರೂಪಾಯಿಗೆ ಊರು ಸುತ್ತಿಸಿದರೆ ಅವರಿಗೇನು ಗಿಟ್ಟುತ್ತದೆ? ಗಿಟ್ಟುವುದು ಅಂಗಡಿಯಿಂದ. ಗಿರಾಕಿಯನ್ನು ಕರೆತಂದದ್ದಕ್ಕೆ ಅಂಗಡಿಯವರು ಕಮಿಷನ್ ಕೊಡುತ್ತಾರೆ.

ಈಗ ಆ ಆಟೋದವರೇ ‘ನನಗೆ ಬರೋ ಕಮಿಷನ್‌ನಲ್ಲಿ ಅರ್ಧ ನಿಮಗೇ ಕೊಡ್ತೀನಿ, ನನ್ನ ಆಟೋದಲ್ಲೇ ಬನ್ನಿ’ ಅಂದರೆ? ಖುಷಿಯಾಗಿ ಹತ್ತುತ್ತೀರಿ, ಅಲ್ವಾ? ಕ್ಯಾಶ್‌ಬ್ಯಾಕ್ ವೆಬ್‌ಸೈಟಿನ ಕೆಲಸವೂ ಇದೇ. ಅದರ ಲಿಂಕ್ ಒತ್ತಿ ಆನ್‌ಲೈನ್ ಅಂಗಡಿಗೆ ಹೋಗುತ್ತೀರಿ, ಸಾಮಾನು ಕೊಳ್ಳುತ್ತೀರಿ. ಅಂಗಡಿ ಆ ಸೈಟಿಗೆ ಕಮಿಷನ್ ಕೊಡುತ್ತದೆ. ಸೈಟು ಅದರಲ್ಲಿ ಒಂದು ಪಾಲನ್ನು ನಿಮಗೆ ಕೊಡುತ್ತದೆ. ತೊಂದರೆ ಶುರುವಾಗುವುದು ಅಂಗಡಿಯವರು ‘ಈ ಗಿರಾಕಿ ನಿಮ್ಮ ಆಟೋದಲ್ಲಿ ಬಂದದ್ದು ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ’ ಅಂದಾಗ. ಇವತ್ತು ನಾನು ಮಾತಾಡುವುದು ಆ ಪುಸ್ತಕದಲ್ಲಿ ಇಲ್ಲದ ಖರೀದಿಗಳ ಬಗ್ಗೆ, ಮತ್ತು ಅದನ್ನು ಕೇಳಲು ಹೋದಾಗ ಆಗುವ ಪರದಾಟದ ಬಗ್ಗೆ.

ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. ಗಿರಾಕಿ ಕಳಿಸಿದವರಿಗೆ ಕಮಿಷನ್ ಕೊಡುವ ಪದ್ಧತಿಯನ್ನು ಅಮೆಜಾನ್ 1996ರಲ್ಲೇ ಶುರು ಮಾಡಿತು. ಕಮಿಷನ್ನಿನ ಪಾಲನ್ನು ಗಿರಾಕಿಗೇ ಹಂಚುವ ಈಬೇಟ್ಸ್ ಅಮೆರಿಕದಲ್ಲಿ ಹುಟ್ಟಿದ್ದು 1998ರಲ್ಲಿ. ನಮ್ಮಲ್ಲಿ ಕ್ಯಾಶ್‌ಕರೋ 2013ರಲ್ಲಿ ಬಂತು. ಈಗ ಇಂಥ ಸೈಟುಗಳೂ ಆ್ಯಪ್‌ಗಳೂ ಬೇಕಾದಷ್ಟಿವೆ. ಮಂಡ್ಯದ ಕಾಲೇಜು ಹುಡುಗರಿಂದ ಹಿಡಿದು ಕುವೆಂಪುನಗರದ ನಿವೃತ್ತರವರೆಗೆ ಎಲ್ಲರ ಫೋನಿನಲ್ಲೂ ಒಂದಾದರೂ ಇರುತ್ತದೆ.

ನೀವು ಲಿಂಕ್ ಒತ್ತಿದ ಕೂಡಲೇ ಅಂಗಡಿಯ ವಿಳಾಸದ ಬಾಲಕ್ಕೆ ಒಂದು ಉದ್ದನೆಯ ನಂಬರು ಅಂಟಿಕೊಳ್ಳುತ್ತದೆ. ಆ ನಂಬರೇ ನಿಮ್ಮ ಗುರುತು. ಅದು ನಿಮ್ಮ ಬ್ರೌಸರಿನಲ್ಲಿ ಕುಕಿ ಎಂಬ ಪುಟ್ಟ ಚೀಟಿಯಾಗಿ ಕೂರುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರು ಇದನ್ನು ಮಾಡಿದಾಗ, ಗಿರಾಕಿ ಬುಟ್ಟಿಗೆ ಏನೇನು ಹಾಕಿದ್ದಾನೆ ಎಂದು ನೆನಪಿಟ್ಟುಕೊಂಡರೆ ಸಾಕಾಗಿತ್ತು. ಈಗ ಕೋಟ್ಯಂತರ ರೂಪಾಯಿಯ ಕಮಿಷನ್ ಲೆಕ್ಕ ಅದರ ಮೇಲೆ ನಿಂತಿದೆ. ನೀವು ದುಡ್ಡು ಕಟ್ಟಿದಾಗ ಅಂಗಡಿ ಆ ಚೀಟಿ ನೋಡುತ್ತದೆ. ನಡುವೆ ಇರುವ ಏಜೆನ್ಸಿಗೆ, ಅಂದರೆ ಅಫಿಲಿಯೇಟ್ ನೆಟ್‌ವರ್ಕ್‌ಗೆ, ವರದಿ ಕಳಿಸುತ್ತದೆ. ಅಲ್ಲಿಂದ ಸುದ್ದಿ ಕ್ಯಾಶ್‌ಬ್ಯಾಕ್ ಸೈಟಿಗೆ ಬರುತ್ತದೆ. ಆಗ ನಿಮ್ಮ ಖಾತೆಯಲ್ಲಿ ‘ಟ್ರ್ಯಾಕ್ ಆಗಿದೆ’ ಎಂದು ಕಾಣಿಸುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಟ್ರ್ಯಾಕ್ ಆಗಿ ‘ಪೆಂಡಿಂಗ್’ ಎಂದು ತೋರಿಸುತ್ತಿದ್ದರೆ ಗಾಬರಿ ಬೇಡ. ಸಾಮಾನು ವಾಪಸ್ ಮಾಡುವ ಅವಧಿ ಮುಗಿದು, ಅಂಗಡಿ ಒಪ್ಪಿ, ಕಮಿಷನ್ ಕೊಡುವವರೆಗೆ ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಅದಕ್ಕೆ ಮುಂಚೆ ಸುಮ್ನೆ ದೂರು ಕೊಟ್ಟರೆ ‘ಕಾಯಿರಿ’ ಅನ್ನುತ್ತಾರೆ, ಅದು ನ್ಯಾಯವೇ. ನಾನು ಹೇಳುತ್ತಿರುವುದು ಖರೀದಿಯೇ ಪಟ್ಟಿಗೆ ಬಾರದೆ ಹೋದ ಪ್ರಸಂಗ.

ಚೀಟಿ ಎಲ್ಲಿ ಬಿದ್ದುಹೋಗುತ್ತದೆ? ಜಾಸ್ತಿ ಬೀಳುವುದು ಫೋನಿನಲ್ಲಿ. ಬ್ರೌಸರಿನಲ್ಲಿ ಲಿಂಕ್ ಒತ್ತುತ್ತೀರಿ, ಅಷ್ಟರಲ್ಲಿ ಅಂಗಡಿಯ ಆ್ಯಪ್ ತಾನೇ ತೆರೆದುಕೊಳ್ಳುತ್ತದೆ. ಬ್ರೌಸರಿನ ಚೀಟಿ ಆ್ಯಪಿನೊಳಗೆ ಹೋಗಬೇಕೆಂದೇನೂ ಇಲ್ಲ. ಇನ್ನೊಂದು, ಪುಕ್ಕಟೆ ಕೂಪನ್ ಹುಡುಕಿಕೊಡುವ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್‌ಗಳು. ದುಡ್ಡು ಕಟ್ಟುವ ಹೊತ್ತಿಗೆ ಪುಟದ ಮೂಲೆಯಿಂದ ಇಣುಕಿ ‘ಕೂಪನ್ ಪರೀಕ್ಷೆ ಮಾಡಲಾ?’ ಅನ್ನುತ್ತವಲ್ಲ, ಅವು. ಅವಕ್ಕೂ ಕಮಿಷನ್ ಬೇಕು. ಒತ್ತಿದಿರೋ, ಹಳೆಯ ಚೀಟಿ ಕಿತ್ತು ತಮ್ಮ ಚೀಟಿ ಅಂಟಿಸಿಬಿಡಬಹುದು. ಕೊನೆಗೆ ಯಾರ ಲಿಂಕ್ ಒತ್ತಿದರೋ ಕಮಿಷನ್ ಅವರಿಗೇ, ಇದು ಈ ವ್ಯಾಪಾರದ ಚಾಲ್ತಿ ನಿಯಮ. ಲಿಂಕ್ ಒತ್ತುವ ಮುಂಚೆಯೇ ಸಾಮಾನು ಕಾರ್ಟ್‌ನಲ್ಲಿ ಇದ್ದರೂ ಕೆಲವು ಅಂಗಡಿಗಳು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಜಾಹೀರಾತು ತಡೆಯುವ ಆ್ಯಪ್ ಇದ್ದರೂ ಕಷ್ಟ. ಇದರ ಮೇಲೆ ಆ್ಯಪಲ್ ಕಂಪನಿ 2020ರಲ್ಲಿ ತನ್ನ ಸಫಾರಿ ಬ್ರೌಸರಿನಲ್ಲಿ, ನೀವು ತೆರೆದ ಸೈಟಿನದ್ದಲ್ಲದ ಬೇರೆಯವರ ಕುಕಿಗಳನ್ನು ಪೂರ್ತಿ ನಿಲ್ಲಿಸಿತು. 2021ರಿಂದ ಐಫೋನ್ ಆ್ಯಪ್‌ಗಳು ಬೇರೆ ಆ್ಯಪ್, ಸೈಟುಗಳಲ್ಲಿ ನಿಮ್ಮನ್ನು ಹಿಂಬಾಲಿಸುವ ಮುಂಚೆ ನಿಮ್ಮ ಅನುಮತಿ ಕೇಳಬೇಕಾಯಿತು. ನಮ್ಮ ಖಾಸಗಿ ಬದುಕಿಗೆ ಇದು ಒಳ್ಳೆಯದೇ. ಕ್ಯಾಶ್‌ಬ್ಯಾಕ್‌ಗೆ ಮಾತ್ರ ಪೆಟ್ಟು.

ಇಷ್ಟೆಲ್ಲ ನೋಡಿಕೊಂಡು ಕೊಂಡರೂ ಕೆಲವು ಸಲ ಬರುವುದಿಲ್ಲ. ಸರಸ್ವತಿಪುರಂನಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಲೆಕ್ಕದ ಮೇಷ್ಟ್ರು, ಶಿಸ್ತಿನ ಮನುಷ್ಯ. ದಸರಾ ಸಮಯದ ಸೇಲ್‌ನಲ್ಲಿ ಕಂಪ್ಯೂಟರಿನಲ್ಲೇ ಕೂತು ಮಗಳಿಗೆಂದು ಮಿಕ್ಸರ್ ಕೊಂಡರು. ಲಾಗಿನ್ ಆಗಿ, ಲಿಂಕ್ ಒತ್ತಿ, ಖಾಲಿ ಕಾರ್ಟ್‌ನಿಂದ ಶುರು ಮಾಡಿ. ಒಂದು ವಾರ ಕಳೆದರೂ ಖಾತೆಯಲ್ಲಿ ಏನೂ ಕಾಣಲಿಲ್ಲ. ‘ಸ್ವಲ್ಪ ಬಂದು ನೋಡಿ’ ಅಂದರು. ಹೋಗಿ ಪಕ್ಕದಲ್ಲಿ ಕೂತೆ.

ಸೈಟಿನಲ್ಲಿ ಫೋನ್ ನಂಬರ್ ಇಲ್ಲ. ‘ಸಹಾಯ’ ಒತ್ತಿದರೆ ಚಾಟ್ ಪೆಟ್ಟಿಗೆ ತೆರೆಯಿತು. ಎಲ್ಲವೂ ಇಂಗ್ಲಿಷಿನಲ್ಲಿ. ಮೇಷ್ಟ್ರು ಗುಡ್ ಮಾರ್ನಿಂಗ್ ಹೇಳಿ, ವಿಷಯವನ್ನು ಅಚ್ಚುಕಟ್ಟಾಗಿ ನಾಲ್ಕು ಸಾಲಲ್ಲಿ ಬರೆದರು. ಯಂತ್ರ ಅದನ್ನು ಓದಿದ ಹಾಗೆ ಕಾಣಲಿಲ್ಲ, ಕೆಳಗೆ ಕೆಲವು ಬಟನ್ ತೋರಿಸಿತು. ‘ನನ್ನ ಕ್ಯಾಶ್‌ಬ್ಯಾಕ್ ಕಾಣೆಯಾಗಿದೆ’ ಎಂಬುದನ್ನು ಒತ್ತಿದರು. ಅಂಗಡಿ ಆರಿಸಿ ಅಂತು, ಆರಿಸಿದರು. ಯಾವ ದಿನ ನಮ್ಮ ಲಿಂಕ್‌ನಿಂದ ಹೋದಿರಿ, ಪಟ್ಟಿಯಿಂದ ಆರಿಸಿ ಅಂತು. ಪಟ್ಟಿ ಇಳಿಬಿಟ್ಟರೆ ಹಳೆಯ ತಾರೀಖುಗಳಿವೆ, ಮಿಕ್ಸರ್ ಕೊಂಡ ದಿನವೇ ಇಲ್ಲ! ತಾರೀಖು ಆರಿಸದೆ ಮುಂದಿನ ಬಟನ್ ಒತ್ತಲು ಬರುವುದಿಲ್ಲ, ಬೂದುಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿರುತ್ತದೆ. ‘ಇತರೆ’ ಒತ್ತಿದಾಗ ‘ಕ್ಯಾಶ್‌ಬ್ಯಾಕ್ ಯಾಕೆ ಟ್ರ್ಯಾಕ್ ಆಗುವುದಿಲ್ಲ’ ಎಂಬ ಲೇಖನ ಬಂತು. ಕೆಳಗೆ ‘ಇದರಿಂದ ಉಪಯೋಗವಾಯಿತೇ?’ ಎಂಬ ಪ್ರಶ್ನೆ. ಮೇಷ್ಟ್ರು ಸಿಟ್ಟಿನಿಂದ ‘ಇಲ್ಲ’ ಒತ್ತಿದರು. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಹೇಳಿ ಪೆಟ್ಟಿಗೆ ಮುಚ್ಚಿಕೊಂಡಿತು. ಸೈಟಿನಿಂದ ಬಂದಿದ್ದ ಇಮೇಲ್‌ಗೆ ಉತ್ತರ ಬರೆದರೆ ‘ಈ ವಿಳಾಸವನ್ನು ಯಾರೂ ಓದುವುದಿಲ್ಲ’ ಎಂದು ತಿರುಗಿ ಬಂತು.

ನನಗೆ ಇದರಲ್ಲಿ ತೀರಾ ಅನ್ಯಾಯ ಅನ್ನಿಸುವುದು ಆ ತಾರೀಖಿನ ಪಟ್ಟಿ. ನಮ್ಮ ದೂರು ಏನು? ‘ನಿಮ್ಮ ದಾಖಲೆಯಲ್ಲಿ ನನ್ನ ಭೇಟಿ ಬಿಟ್ಟುಹೋಗಿದೆ’ ಎಂದು. ದೂರು ಕೊಡಲು ಬೇಕಾದದ್ದೇನು? ಅವರ ದಾಖಲೆಯಲ್ಲಿ ನಮ್ಮ ಭೇಟಿ ಇರಬೇಕು! ಪುಸ್ತಕ ಬರೆಯುವವರೂ ಅವರೇ, ಸಾಕ್ಷಿ ಇಟ್ಟುಕೊಂಡವರೂ ಅವರೇ, ತೀರ್ಪು ಹೇಳುವವರೂ ಅವರೇ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಸೈಟಿನವರಿಗೆ ಅಂಗಡಿಯಿಂದ ಕಮಿಷನ್ ಬರದಿದ್ದರೆ ನಿಮಗೆ ಕೊಡಲು ದುಡ್ಡೇ ಇರುವುದಿಲ್ಲ. ದೂರನ್ನು ಅವರು ನೆಟ್‌ವರ್ಕ್‌ಗೆ ಕಳಿಸಬೇಕು, ನೆಟ್‌ವರ್ಕ್ ಅಂಗಡಿಗೆ ಕಳಿಸಬೇಕು. ಕೆಲವು ಅಂಗಡಿಗಳು ಇಂಥ ದೂರನ್ನೇ ತಗೊಳ್ಳುವುದಿಲ್ಲ. ನೂರಿನ್ನೂರು ರೂಪಾಯಿಯ ದೂರಿಗೆ ಒಬ್ಬ ಮನುಷ್ಯನನ್ನು ಕೂರಿಸಿದರೆ ಅವನ ಸಂಬಳವೇ ಜಾಸ್ತಿಯಾಗುತ್ತದೆ. ಸರಿ, ಒಪ್ಪಿಕೊಳ್ಳೋಣ. ಆದರೆ ‘ಈ ಅಂಗಡಿಗೆ ದೂರು ಸ್ವೀಕರಿಸುವುದಿಲ್ಲ’ ಎಂಬುದನ್ನು ಹತ್ತು ಪರ್ಸೆಂಟ್ ಕ್ಯಾಶ್‌ಬ್ಯಾಕ್ ಎಂದು ಹಾಕಿದ ಅಕ್ಷರದಷ್ಟೇ ದಪ್ಪಗೆ ಹಾಕಲಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಕೊನೆಗೆ ಹಾಕುವುದು ಯಾಕೆ?

ಮೇಷ್ಟ್ರು ಬಿಡಲಿಲ್ಲ. ಸೈಟಿನ ಕಟ್ಟಕಡೆಗೆ ‘ನಿಯಮಗಳು’ ಮತ್ತು ‘ಪ್ರೈವಸಿ’ ಅಂತ ಯಾರೂ ಓದದ ಪುಟಗಳಿರುತ್ತವಲ್ಲ, ಅಲ್ಲಿ ದೂರು ಪರಿಹಾರ ಅಧಿಕಾರಿಯ, ಅಂದರೆ ಗ್ರೀವೆನ್ಸ್ ಆಫೀಸರ್‌ನ ಇಮೇಲ್ ಸಿಕ್ಕಿತು. ಅದಕ್ಕೆ ಬರೆದರು. ಆರ್ಡರ್ ನಂಬರು, ಲಿಂಕ್ ಒತ್ತಿದ ದಿನ ಮತ್ತು ಗಂಟೆ, ಬಿಲ್ಲಿನ ಪಿಡಿಎಫ್, ಪುಟದ ಸ್ಕ್ರೀನ್‌ಶಾಟ್. ಜೊತೆಗೆ ಎರಡೇ ಪ್ರಶ್ನೆ. ನನ್ನ ದೂರನ್ನು ಅಂಗಡಿಗೆ ಕಳಿಸಿದಿರಾ? ಅಂಗಡಿ ಏನು ಕಾರಣ ಕೊಟ್ಟಿತು? ಇದಕ್ಕೆ ಮನುಷ್ಯರೇ ಬರೆದ ಉತ್ತರ ಬಂತು. ಆರ್ಡರ್ ಆ್ಯಪ್‌ನಿಂದ ಆಗಿದೆ, ಆದ್ದರಿಂದ ಅಂಗಡಿ ಒಪ್ಪಲಿಲ್ಲ ಎಂದು. ಕಾರಣ ಕೈಗೆ ಸಿಕ್ಕಿದ್ದೇ ತಡ, ಮೇಷ್ಟ್ರು ಬ್ರೌಸರಿನ ಸ್ಕ್ರೀನ್‌ಶಾಟ್ ಮತ್ತೊಮ್ಮೆ ತೋರಿಸಿದರು. ಕೊನೆಗೆ ಸೈಟಿನವರು ‘ನಮ್ಮ ಕಡೆಯಿಂದ’ ಎಂದು ಹೇಳಿ ಅರ್ಧ ದುಡ್ಡು ಹಾಕಿದರು. ಇನ್ನರ್ಧ ಬರಲಿಲ್ಲ.

ಈ ಥರ ದೂರು ನಿಲ್ಲಬೇಕಾದರೆ ಸಾಮಾನು ಕೊಳ್ಳುವ ದಿನವೇ ಕಾಗದ ಪತ್ರ ಸಿದ್ಧವಾಗಬೇಕು. ಲಿಂಕ್ ಒತ್ತಿದಾಗ ತೆರೆಯುವ ಪುಟದ ಒಂದು ಸ್ಕ್ರೀನ್‌ಶಾಟ್, ಗಂಟೆ ಕಾಣುವ ಹಾಗೆ. ಆ ದಿನ ಎಷ್ಟು ಪರ್ಸೆಂಟ್ ಎಂದು ಹಾಕಿದ್ದರೋ ಅದರದ್ದೂ ಒಂದು, ಯಾಕೆಂದರೆ ಅದು ನಾಳೆಗೇ ಬದಲಾಗಬಹುದು. ಚಾಟ್ ಮಾಡಿದರೆ ಆ ಪೆಟ್ಟಿಗೆ ಮುಚ್ಚಿದ ಮೇಲೆ ಏನೂ ಉಳಿಯದಿರಬಹುದು, ಇಮೇಲ್ ಉಳಿಯುತ್ತದೆ.

ಇನ್ನು ಈಗ ಹೇಳುವುದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಸೈಟಿನಲ್ಲಿ ಫೋನ್ ನಂಬರ್ ಸಿಗದಿದ್ದಾಗ ಎಲ್ಲರೂ ಮಾಡುವುದು ಒಂದೇ, ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕುವುದು. ಕಳ್ಳರು ಕಾದು ಕೂತಿರುವುದು ಅಲ್ಲೇ. ದೊಡ್ಡ ಕಂಪನಿಗಳ ಹೆಸರಿನಲ್ಲಿ ತಮ್ಮ ನಂಬರುಗಳನ್ನು ಹರಡಿರುತ್ತಾರೆ. ನೀವು ಎಕ್ಸ್ ಅಥವಾ ಫೇಸ್‌ಬುಕ್‌ನಲ್ಲಿ ಸಿಟ್ಟಿನಿಂದ ಬರೆದರೆ, ಕಂಪನಿಯ ಲೋಗೋ ಹಾಕಿಕೊಂಡು ತಾವೇ ಬಂದು ಮಾತಾಡಿಸುತ್ತಾರೆ. ಎಷ್ಟು ಮರ್ಯಾದೆ ಅಂತೀರಾ! ನಿಜವಾದ ಕಂಪನಿಯಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದೆ. ಆಮೇಲೆ ‘ಒಂದು ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಬೇಕು’ ಅನ್ನುತ್ತಾರೆ. ಇಲ್ಲವೇ ‘ಕ್ಯಾಶ್‌ಬ್ಯಾಕ್ ಕಳಿಸಿದ್ದೇವೆ, ಯುಪಿಐ ಪಿನ್ ಒತ್ತಿ’ ಅನ್ನುತ್ತಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ. ಹಾಗೇನಾದರೂ ಆಗಿಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಒಂದು, ಒಂಬತ್ತು, ಮೂರು, ಸೊನ್ನೆ. ಎಷ್ಟು ಬೇಗ ಮಾಡಿದರೆ ಹೋದ ದುಡ್ಡನ್ನು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

ಮೋಸ ಅಲ್ಲ, ಬರೀ ಉತ್ತರ ಕೊಡದ ಸೈಟಿನ ತಕರಾರು ಅಂದರೆ ಬೇರೆ ನಂಬರು: 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು, ಒಂಬತ್ತು, ಒಂದು, ಐದು. ಇಲ್ಲಿ ಕನ್ನಡದಲ್ಲೇ ಮಾತಾಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರದ ಕಂಪನಿಗಳು ದೂರು ಅಧಿಕಾರಿಯ ಹೆಸರು, ಸಂಪರ್ಕದ ವಿವರ ತೋರಿಸಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ‘ನಾವು ಏನೂ ಮಾರುವುದಿಲ್ಲ, ದಾರಿ ತೋರಿಸುತ್ತೇವೆ ಅಷ್ಟೇ’ ಎಂದು ಕ್ಯಾಶ್‌ಬ್ಯಾಕ್ ಸೈಟು ವಾದಿಸಬಹುದು. ವಾದಿಸಲಿ. ಹತ್ತು ಪರ್ಸೆಂಟ್ ಕೊಡುತ್ತೇವೆ ಎಂದು ಜಾಹೀರಾತು ಹಾಕಿದವರು ಅವರೇ ತಾನೇ?

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ನೂರೈವತ್ತು ರೂಪಾಯಿಗೆ ಯಾರೂ ಅಲ್ಲಿಗೆ ಓಡುವುದಿಲ್ಲ, ನಾನೂ ಓಡುವುದಿಲ್ಲ. ಆದರೆ ಫ್ರಿಜ್, ಲ್ಯಾಪ್‌ಟಾಪ್, ವಿಮಾನದ ಟಿಕೆಟ್ ಎಲ್ಲ ಸೇರಿ ಸಾವಿರಗಟ್ಟಲೆ ಬಾಕಿ ಇದ್ದವರು ಯೋಚನೆ ಮಾಡಬಹುದು.

ಈ ಹಬ್ಬದ ಸೇಲ್‌ನಲ್ಲಿ ಕೊಂಡವರು ಒಂದು ಕೆಲಸ ಮಾಡಿ. ಇವತ್ತೇ ನಿಮ್ಮ ಕ್ಯಾಶ್‌ಬ್ಯಾಕ್ ಖಾತೆ ತೆರೆದು, ಕೊಂಡದ್ದೆಲ್ಲ ಪಟ್ಟಿಯಲ್ಲಿದೆಯಾ ನೋಡಿ. ಕಾಣೆಯಾದದ್ದರ ದೂರಿಗೆ ಪ್ರತಿ ಸೈಟಿನಲ್ಲೂ ಒಂದು ಗಡುವು ಇರುತ್ತದೆ, ಒಂದೊಂದು ಅಂಗಡಿಗೆ ಒಂದೊಂದು ಥರ. ಮಿಕ್ಸರ್ ಕೆಟ್ಟರೆ ರಿಪೇರಿಗೆ ವರ್ಷದ ವಾರಂಟಿ ಇರುತ್ತದೆ. ಈ ಗಡುವು ಅಷ್ಟು ದಿನ ಇರುವುದಿಲ್ಲ.

ನಮಸ್ಕಾರ.