ಬೆರಳ ತುದಿಯ ಅಳತೆ

ಕೇಳುಗರಿಗೆ ನಮಸ್ಕಾರ. ಸೋರಿಯಾಸಿಸ್ ಇರುವವರು, ಇಸಬಿನಿಂದ, ಅಂದರೆ ಎಕ್ಜಿಮಾದಿಂದ ವರ್ಷಗಟ್ಟಲೆ ತುರಿಸಿಕೊಂಡು ನಿದ್ದೆಗೆಟ್ಟವರು, ಅವರ ಬೆನ್ನಿಗೆ ಮುಲಾಮು ಹಚ್ಚಿಕೊಡುವ ಮನೆಯವರು, ಈ ಮಾತು ನಿಮಗೆ. ಮುಲಾಮಿನ ಟ್ಯೂಬನ್ನು ಒಮ್ಮೆ ಕೈಗೆತ್ತಿಕೊಳ್ಳಿ. 15 ಗ್ರಾಂ ಎಂದೋ 30 ಗ್ರಾಂ ಎಂದೋ ಬರೆದಿರುತ್ತದೆ. ತಂದು ಎಷ್ಟು ದಿನವಾಯಿತು? ಎರಡು ತಿಂಗಳಾದರೂ ಅರ್ಧ ಉಳಿದಿದೆಯೇ? ಹಾಗಿದ್ದರೆ ‘ಈ ಔಷಧಿ ನನಗೆ ಹಿಡಿಯಲಿಲ್ಲ’ ಎಂದು ದೂರಬೇಡಿ. ನೀವು ಅದನ್ನು ಹಚ್ಚಿಯೇ ಇಲ್ಲ.

ಅಳತೆ. ಇವತ್ತು ಹೇಳುವುದು ಇದೊಂದೇ ಮಾತು. ಹೊಸ ಔಷಧಿಗಳ ಸುದ್ದಿಗೂ ಬರುತ್ತೇನೆ, ಆದರೆ ಮೊದಲು ಅಳತೆ.

ತೋರುಬೆರಳನ್ನು ಚಾಚಿ. ಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಮುಲಾಮನ್ನು ಒಂದೆಳೆಯಾಗಿ ಹಿಂಡಿ. ದೊಡ್ಡವರ ಬೆರಳಲ್ಲಿ ಅದು ಸುಮಾರು ಅರ್ಧ ಗ್ರಾಂ. 1991ರಲ್ಲಿ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು ಕೊಟ್ಟ ಲೆಕ್ಕ ಇದು. ಒಂದು ಬೆರಳಳತೆ, ಬೆರಳುಗಳೂ ಸೇರಿದಂತೆ ಎರಡು ಅಂಗೈಯಗಲದ ಜಾಗಕ್ಕೆ ಸಾಕಾಗುತ್ತದೆ. ಬರೆದಿಟ್ಟುಕೊಳ್ಳಿ: ಮುಖ ಮತ್ತು ಕುತ್ತಿಗೆಗೆ ಎರಡೂವರೆ, ಒಂದು ತೋಳಿಗೆ ಮೂರು, ಒಂದು ಹಸ್ತದ ಎರಡೂ ಬದಿಗೆ ಒಂದು, ಒಂದು ಕಾಲಿಗೆ ಆರು, ಪಾದಕ್ಕೆ ಎರಡು, ಎದೆ ಹೊಟ್ಟೆಗೆ ಏಳು, ಬೆನ್ನಿಗೂ ಏಳು. ಮಗುವಿಗೆ ಹಚ್ಚುವಾಗಲೂ ಅಳೆಯುವುದು ದೊಡ್ಡವರ ಬೆರಳಲ್ಲೇ. ಒಂದೆರಡು ವರ್ಷದ ಮಗುವಿನ ಕಾಲಿಗೆ, ಪಾದವೂ ಸೇರಿ, ಎರಡಳತೆ ಸಾಕು.

ಈಗ ಲೆಕ್ಕ ಹಾಕೋಣ. ಎರಡು ಮೊಣಕೈ, ಎರಡು ಮೊಣಕಾಲು, ಒಂದೊಂದರಲ್ಲೂ ಅಂಗೈಯಗಲದ ಮಚ್ಚೆ. ನಾಲ್ಕು ಅಂಗೈಗೆ ಎರಡು ಬೆರಳಳತೆ, ಅಂದರೆ ಒಂದು ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೂ 15 ಗ್ರಾಂ ಟ್ಯೂಬು 15 ದಿನಕ್ಕೆ ಖಾಲಿಯಾಗಬೇಕು. ಎರಡು ತಿಂಗಳು ಬಂತು ಅಂದರೆ ಚರ್ಮಕ್ಕೆ ಸಿಕ್ಕಿದ್ದು ಕಾಲುಭಾಗ. ಕಾಲು ಮಾತ್ರೆ ನುಂಗಿ ಜ್ವರ ಇಳಿಯಲಿಲ್ಲ ಅಂದ ಹಾಗಾಯಿತು.

ಕಡಿಮೆ ಹಚ್ಚುವುದೇಕೆಂದು ಗೊತ್ತು. ಸ್ಟಿರಾಯ್ಡ್ ಎಂಬ ಪದ ಕೇಳಿದರೆ ಹೆದರಿಕೆ. ಸ್ಟಿರಾಯ್ಡ್ ಮುಲಾಮುಗಳೆಲ್ಲ ಒಂದೇ ಅಲ್ಲ. ಶೇಕಡಾ 1ರ ಹೈಡ್ರೊಕಾರ್ಟಿಸೋನ್ ತೀರಾ ಸೌಮ್ಯ, ಶೇಕಡಾ 0.05ರ ಕ್ಲೋಬೆಟಸೋಲ್ ಅದಕ್ಕಿಂತ ನೂರಾರು ಪಟ್ಟು ಪ್ರಬಲ. ಅಂಕಿ ಚಿಕ್ಕದೆಂದು ಮೋಸಹೋಗಬೇಡಿ. ಕ್ಲೋಬೆಟಸೋಲ್ ಅನ್ನು ಮುಖ, ಕಂಕುಳು, ತೊಡೆಸಂದಿಗೆ ತಾಗಿಸಬೇಡಿ. ಒಂದೇ ಸಮನೆ ಎರಡು ವಾರ ಮೀರಬೇಡಿ, ವಾರಕ್ಕೆ 50 ಗ್ರಾಂ ದಾಟಬೇಡಿ. ದಾಟಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಬರೆ ಬೀಳುತ್ತದೆ. ಸರಿಯಾದ ಬಲದ್ದನ್ನು ಸರಿಯಾದ ಜಾಗಕ್ಕೆ ಸರಿಯಾದಷ್ಟು ದಿನ ಹಚ್ಚಿದರೆ ಹೆದರಲು ಏನೂ ಇಲ್ಲ. ಇನ್ನೊಬ್ಬರಿಗೆ ಬರೆದುಕೊಟ್ಟ ಟ್ಯೂಬನ್ನು ಎರವಲು ತರುವುದಂತೂ ಬೇಡವೇ ಬೇಡ. ನಿಮ್ಮದು ಹುಳುಕಡ್ಡಿಯಾಗಿದ್ದರೆ ಸ್ಟಿರಾಯ್ಡ್ ಹಚ್ಚಿದ ನಾಲ್ಕು ದಿನ ತುರಿಕೆ ಅಡಗುತ್ತದೆ, ಒಳಗೊಳಗೆ ಶಿಲೀಂಧ್ರ ಹಬ್ಬುತ್ತದೆ, ಆಮೇಲೆ ನೋಡಿದ ವೈದ್ಯರಿಗೂ ಗುರುತು ಸಿಗದಷ್ಟು ರೂಪ ಕೆಡುತ್ತದೆ.

ಇಸಬಿಗೆ ತೇವಕಾರಕ ಬೇಕು. ಅಲ್ಲೂ ಅಳತೆಯೇ. ಮೈಪೂರ್ತಿ ಒಣಗಿರುವ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ. ಹೌದು, ವಾರಕ್ಕೆ! ಸ್ನಾನವಾದ ಮೇಲೆ ಮೈಯನ್ನು ಉಜ್ಜದೆ ಟವೆಲ್ಲಿನಿಂದ ಒತ್ತಿ, ಇನ್ನೂ ಪಸೆಯಿರುವಾಗಲೇ ಕೂದಲು ಬೆಳೆದ ದಿಕ್ಕಿನಲ್ಲಿ ಸವರಿ. ಎದುರು ದಿಕ್ಕಿಗೆ ತಿಕ್ಕಿದರೆ ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುತ್ತವೆ. ಸ್ಟಿರಾಯ್ಡ್ ಹಚ್ಚುವುದಿದ್ದರೆ ನಡುವೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಒಂದರಲ್ಲೊಂದು ಕಲೆತು ಔಷಧಿ ನೀರಾಗುತ್ತದೆ. ಇನ್ನೊಂದು ಎಚ್ಚರಿಕೆ: ಈ ಜಿಡ್ಡು ಹೀರಿದ ಬಟ್ಟೆ, ಬ್ಯಾಂಡೇಜು, ಹಾಸಿಗೆಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಬೀಡಿ ಸಿಗರೇಟು, ಒಲೆ, ದೀಪದಿಂದ ದೂರವಿರಿ.

ಟ್ಯಾಕ್ರೊಲಿಮಸ್ ಮುಲಾಮು ಸ್ಟಿರಾಯ್ಡ್ ಅಲ್ಲ, ಚರ್ಮವನ್ನು ತೆಳುಮಾಡುವುದಿಲ್ಲ. ಮುಖಕ್ಕೆ, ರೆಪ್ಪೆಗೆ ಒಳ್ಳೆಯದು. ಆದರೆ ಮೊದಲ ಕೆಲವು ದಿನ ಉರಿಯುತ್ತದೆ. ಎಷ್ಟೋ ಜನ ಆ ಉರಿಗೆ ಹೆದರಿ ಟ್ಯೂಬನ್ನು ಎಸೆಯುತ್ತಾರೆ. ಸ್ವಾಮಿ, ವಾರ ತಾಳಿ, ಉರಿ ಇಳಿಯುತ್ತದೆ. ಇಸಬು ವಾಸಿಯಾಯಿತು ಅನ್ನಿಸಿದ ಮೇಲೂ ಅದು ಮರಳಿ ಮರಳಿ ಬರುವ ಜಾಗಕ್ಕೆ ವಾರದಲ್ಲಿ ಎರಡು ದಿನ ಹಚ್ಚುತ್ತಿರಿ. ಕಣ್ಣಿಗೆ ಕಾಣದಿದ್ದರೂ ಚರ್ಮದ ಅಡಿಯಲ್ಲಿ ಉರಿಯೂತ ಕೂತಿರುತ್ತದೆ.

ಚರ್ಮದ ಅಡಿಯಲ್ಲಿ ಎಂದೆನಲ್ಲ, ಅದು ಗೊತ್ತಾದ ಬಗೆಯನ್ನು ಹೇಳಲೇಬೇಕು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಂದಾಳಾಗಿದ್ದರು. ಫೋಲಿಕ್ ಆಮ್ಲ ಜೀವಕೋಶ ಬೆಳೆಯಲು ಬೇಕಾದ ವಿಟಮಿನ್. ಅವರ ತಂಡ ಅದನ್ನೂ ತಯಾರಿಸಿತು, ಅದರ ವೇಷ ಹಾಕಿಕೊಂಡು ಬಂದು ಅದರ ಕೆಲಸ ಕೆಡಿಸುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನೂ ತಯಾರಿಸಿತು. ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಅವರ ವರದಿ ಬಂತು: ಕೆಲವು ಮಕ್ಕಳಲ್ಲಿ, ಸ್ವಲ್ಪ ಕಾಲವಾದರೂ, ರೋಗ ಹಿಮ್ಮೆಟ್ಟಿತ್ತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಮೂರು ವರ್ಷದ ಮೇಲೆ, 1951ರಲ್ಲಿ, ಗಬ್ನರ್ ಮತ್ತು ಸಂಗಡಿಗರು ಅದನ್ನೇ ಕೀಲುವಾತಕ್ಕೆ ಕೊಟ್ಟು ನೋಡಿದರು. ಕೀಲಿನ ಮೇಲೆ ಕಣ್ಣಿಟ್ಟು ಕೂತವರಿಗೆ ಕಂಡದ್ದು ಚರ್ಮ! ಸೋರಿಯಾಸಿಸ್ ಕೂಡ ಇದ್ದವರ ಮೈಮೇಲಿನ ಹೊಟ್ಟು ಉದುರಿ ಚರ್ಮ ತಿಳಿಯಾಗಿತ್ತು. ಮೇಲೆ ಏನೂ ಹಚ್ಚದೆ, ಒಳಗಿನಿಂದ. ಅಮಿನಾಪ್ಟೆರಿನ್ ಜಾಗಕ್ಕೆ ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಬಂತು. ಇವತ್ತಿಗೂ ಅದೇ ಗಟ್ಟಿ ಕುಳ. ಸುಬ್ಬರಾವ್ ಮಾತ್ರ ಇದನ್ನು ನೋಡಲಿಲ್ಲ.

ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಅಳತೆ ತಪ್ಪಿದರೆ ಜೀವಕ್ಕೇ ಸಂಚಕಾರ. ವಾರಕ್ಕೆ ಒಂದೇ ದಿನ. ಮತ್ತೆ ಹೇಳುತ್ತೇನೆ, ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಮೂಳೆಮಜ್ಜೆಗೆ, ಬಾಯಿಯ ಮತ್ತು ಕರುಳಿನ ಒಳಪದರಕ್ಕೆ ಚೇತರಿಸಿಕೊಳ್ಳಲು ಬಿಡುವೇ ಇರುವುದಿಲ್ಲ. ಮೊದಲು ಬಾಯಿ ಹುಣ್ಣು, ಆಮೇಲೆ ರಕ್ತಕಣಗಳ ಕುಸಿತ. ‘ಸೋಮವಾರ’ ಎಂದು ದಪ್ಪಕ್ಷರದಲ್ಲಿ ಪೊಟ್ಟಣದ ಮೇಲೆ ಬರೆಸಿಕೊಳ್ಳಿ. ಮಾತ್ರೆಗಳು 2.5 ಮಿಲಿಗ್ರಾಂ, 10 ಮಿಲಿಗ್ರಾಂ ಎರಡರಲ್ಲೂ ಬರುತ್ತವೆ. ಪ್ರತಿಸಲ ಓದಿ ನೋಡಿ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನ. ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಜೊತೆಗೆ ಕೂಡದು. ಬಸುರಿಯರು ಮುಟ್ಟುವಂತಿಲ್ಲ. ಹೆಂಡ ಬೇಡ. ರಕ್ತಪರೀಕ್ಷೆ ತಪ್ಪಿಸಬೇಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಓಡಿಸುತ್ತೇನೆ. ಬೆಳಕಿನ ಚಿಕಿತ್ಸೆ: ಸುಮಾರು 311 ನ್ಯಾನೋಮೀಟರಿನ ನೇರಳಾತೀತ ಕಿರಣ, ವಾರಕ್ಕೆ ಮೂರು ಸಲ, ಇಪ್ಪತ್ತು ಮೂವತ್ತು ಸಲವಾದರೂ ಬೇಕು. ಐದು ಸಲಕ್ಕೆ ಕೈಬಿಟ್ಟವರು ಅದನ್ನು ಬೈಯುವ ಹಾಗಿಲ್ಲ.

ಇನ್ನು ಬಯೊಲಾಜಿಕ್ ಸೂಜಿಮದ್ದುಗಳು. ಉರಿಯೂತದ ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶಗಳಲ್ಲಿ ಒಂದೆರಡನ್ನು ಮಾತ್ರ ಹಿಡಿದು ನಿಲ್ಲಿಸುತ್ತವೆ. ಸೋರಿಯಾಸಿಸ್‌ಗೆ ಇಂಟರ್‌ಲ್ಯೂಕಿನ್ ಎಂಬ ಸಂದೇಶಗಳಲ್ಲಿ 17 ಮತ್ತು 23ನೆಯದನ್ನು ತಡೆಯುವಂಥವು, ಇಸಬಿಗೆ 4 ಮತ್ತು 13 ತಡೆಯುವ ಡುಪಿಲುಮ್ಯಾಬ್. ಡುಪಿಲುಮ್ಯಾಬ್‌ನಿಂದ ಕಣ್ಣು ಕೆಂಪಾಗುವುದುಂಟು, ಹೇಳಿ, ಮುಚ್ಚಿಡಬೇಡಿ. ಆ ಸಂದೇಶವನ್ನು ಕೋಶದೊಳಗೆ ದಾಟಿಸುವ ಜಾಕ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳು ತುರಿಕೆಯನ್ನು ಕೆಲವೇ ದಿನದಲ್ಲಿ ಇಳಿಸುತ್ತವೆ, ಆದರೆ ಸರ್ಪಸುತ್ತು ಬರಬಹುದು, ರಕ್ತ ಹೆಪ್ಪುಗಟ್ಟಬಹುದು. ಧೂಮಪಾನಿಗಳು ವೈದ್ಯರಿಗೆ ನಿಜ ಹೇಳಿ. ಸೋರಿಯಾಸಿಸ್‌ನ ಸೂಜಿಯೇ ಇರಲಿ, ಜಾಕ್ ಮಾತ್ರೆಯೇ ಇರಲಿ, ಶುರುಮಾಡುವ ಮೊದಲು ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮೈಯಲ್ಲಿ ಮಲಗಿರುವ ಕ್ಷಯವನ್ನು ಇವು ಎಬ್ಬಿಸಿಬಿಡಬಹುದು.

ಸೂಜಿಯನ್ನು ಮನೆಯಲ್ಲೇ ಹಾಕಿಕೊಳ್ಳುವವರಿಗೆ ಒಂದು ಮಾತು. ಅದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರಿನಲ್ಲಲ್ಲ. ಹಾಕಿಕೊಳ್ಳುವ ಮೊದಲು ಹೊರತೆಗೆದು ಅರ್ಧ, ಮುಕ್ಕಾಲು ಗಂಟೆ ಸುಮ್ಮನೆ ಇಟ್ಟಿರಿ. ತಣ್ಣಗಿದ್ದರೆ ನೋವು ಜಾಸ್ತಿ. ಬಿಸಿನೀರಿನಲ್ಲಿ ಅದ್ದಬೇಡಿ, ಕುಲುಕಬೇಡಿ, ಪ್ರೋಟೀನು ಕೆಡುತ್ತದೆ. ಹೊಟ್ಟೆ ಅಥವಾ ತೊಡೆ, ಹೋದ ಸಲ ಚುಚ್ಚಿದ ಜಾಗ ಬಿಟ್ಟು. ಮುಂದಿನ ತಾರೀಖನ್ನು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮಸ್ಕಾರ.