ಹೆಪ್ಪುಗಟ್ಟಿದ ಮಣ್ಣಿನ ಒಳಸಂಸಾರ

ಗೋವಾದ ಕನ್ನಡ ಕೇಳುಗರಿಗೆ ನಮಸ್ಕಾರ. ಫ್ರೀಜರ್‌ನಲ್ಲಿಟ್ಟ ಬಂಗಡೆಯನ್ನು ಹೊರತೆಗೆದಿಟ್ಟರೆ ತಟ್ಟೆಯಲ್ಲಿ ಕೆಂಪಗೆ ನೀರು ನಿಲ್ಲುತ್ತದಲ್ಲ? ಮಂಜಿನ ಹರಳು ಜೀವಕೋಶಗಳನ್ನು ಸೀಳಿರುತ್ತದೆ, ಒಳಗಿನ ಸಾರ ಸೋರುತ್ತದೆ. ಧ್ರುವಪ್ರದೇಶದ ಮಣ್ಣಿನಲ್ಲೂ ಇದೇ ನಡೆಯುತ್ತದೆ. ಅಲ್ಲಿ ಸೋರಿದ್ದನ್ನು ಮೊದಲು ಹೀರಿಕೊಳ್ಳುವವು ಬದುಕುಳಿದ ಸೂಕ್ಷ್ಮಜೀವಿಗಳು.

ಕನಿಷ್ಠ 2 ವರ್ಷ ಸತತವಾಗಿ ಸೊನ್ನೆ ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಉಳಿದ ನೆಲವೇ ಪರ್ಮಾಫ್ರಾಸ್ಟ್. ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ 2008ರಿಂದ ಉತ್ತರ ಧ್ರುವದ ಬಳಿಯ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನಲ್ಲಿ ‘ಹಿಮಾದ್ರಿ’ ನೆಲೆಯನ್ನು ನಡೆಸುತ್ತಿದೆ. ಅದರ ಸುತ್ತಲ ನೆಲವೂ ಇಂಥದೇ.

ಸೊನ್ನೆಗಿಂತ ಕೆಳಗಿಳಿದರೂ ಎಲ್ಲ ನೀರೂ ಗಟ್ಟಿಯಾಗುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿದ ಉಪ್ಪುನೀರಿನ ತೆಳುಪೊರೆ ದ್ರವವಾಗಿಯೇ ಉಳಿಯುತ್ತದೆ. ಸೂಕ್ಷ್ಮಜೀವಿಗಳ ಸಂಸಾರ ಅದರಲ್ಲೇ. ಕೆನಡಾದಲ್ಲಿ ಸಿಕ್ಕ ಪ್ಲಾನೊಕಾಕಸ್ ಹ್ಯಾಲೊಕ್ರಯೋಫಿಲಸ್ ಎಂಬ ಬ್ಯಾಕ್ಟೀರಿಯಾ ಮೈನಸ್ 15 ಡಿಗ್ರಿಯಲ್ಲೂ ಬೆಳೆಯುತ್ತದೆ, ಒಂದು ಎರಡಾಗಲು ಸುಮಾರು 50 ದಿನ ಬೇಕು, ಅಷ್ಟೇ.

ಸಾರಜನಕದ ಲೆಕ್ಕದಲ್ಲಿ ಒಂದು ತೊಡಕಿದೆ. ಸೂಕ್ಷ್ಮಜೀವಿಗಳು ಹಳೆಯ ಬೇರು, ಪಾಚಿಯನ್ನು ಕೊಳೆಸಿ ಅಮೋನಿಯಂ, ಅಂದರೆ ಗಿಡ ಹೀರಬಲ್ಲ ರೂಪದ ಸಾರಜನಕ, ಬಿಡುತ್ತವೆ. ಆದರೆ ನೆಲ ಅತಿ ಆಳಕ್ಕೆ ಕರಗುವುದು ಬೇಸಿಗೆಯ ಕೊನೆಗೆ. ಅಷ್ಟರಲ್ಲಿ ಮೇಲಿನ ಗಿಡಗಳ ಎಲೆ ಬಾಡಿರುತ್ತದೆ. ಊಟ ಬಡಿಸುವ ಹೊತ್ತಿಗೆ ಪಂಕ್ತಿ ಎದ್ದ ಹಾಗೆ. ಎರಿಯೋಫೊರಂ ಎಂಬ ಜೊಂಡಿನ ಬೇರು ಮಾತ್ರ ಕರಗುವ ಅಂಚನ್ನು ಹಿಂಬಾಲಿಸಿ ಇಳಿಯುತ್ತದೆ.

ಇಂಗಾಲದ ದಾರಿ ನೀರಿನ ಮೇಲೆ ನಿಂತಿದೆ. ಗಾಳಿಯಾಡಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನೀರು ನಿಂತರೆ, ನಮ್ಮ ಭತ್ತದ ಗದ್ದೆಯಲ್ಲಿ ಆಗುವಂತೆ, ಆರ್ಕಿಯಾ ಎಂಬ ಗುಂಪಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಉಪ್ಪುನೀರು ನುಗ್ಗುವ ಖಾಜನ್ ಗದ್ದೆಯಲ್ಲಿ, ಕಾರವಾರದವರ ಗಜನಿಯಲ್ಲಿ, ಇದು ಕಡಿಮೆ. ಉಪ್ಪುನೀರಿನ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಆರ್ಕಿಯಾದ ಆಹಾರವನ್ನು ಮೊದಲೇ ಕಸಿದುಕೊಳ್ಳುತ್ತವೆ.

ಹೆಪ್ಪುಗಟ್ಟಿದ ಮಣ್ಣಿನ ಅಮೋನಿಯಂ ಅಳೆಯುವ ಕೆಲಸ ನಾಜೂಕಿನದು. ಕೊರೆಯುವ ಯಂತ್ರಕ್ಕೆ ಹೊಳೆಯುವ ಸೂಕ್ಷ್ಮ ಮಣಿಗಳನ್ನು ಸವರುತ್ತಾರೆ. ತೆಗೆದ ಮಣ್ಣಿನ ಕಂಬದ ಒಳಭಾಗದಲ್ಲೂ ಆ ಮಣಿ ಕಂಡರೆ ಹೊರಗಿನ ಕೊಳೆ ಒಳಹೊಕ್ಕಿದೆ ಎಂದರ್ಥ. ಹೊರಪದರವನ್ನು ಶೀತಕೋಣೆಯಲ್ಲೇ ಹೆರೆದು ಬಿಸಾಡಬೇಕು. ಆಮೇಲೆ 10 ಗ್ರಾಂ ಮಣ್ಣಿಗೆ 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ 50 ಮಿಲಿಲೀಟರ್ ಹಾಕಿ, ಒಂದು ಗಂಟೆ ಕುಲುಕಿ, ಸೋಸಿ, ಅಮೋನಿಯಂ ನೋಡುತ್ತಾರೆ. ಸೋಸುವ ಕಾಗದದಲ್ಲೇ ಒಂದಿಷ್ಟು ಅಮೋನಿಯಂ ಇರಬಹುದು, ಆದ್ದರಿಂದ ಮಣ್ಣಿಲ್ಲದ ಬಾಟಲಿಯೊಂದನ್ನೂ ಜೊತೆಗೇ ಸೋಸಿ ಅದರ ಅಂಕಿ ಕಳೆಯಬೇಕು.

ಇಷ್ಟೆಲ್ಲ ಮಾಡಿದರೂ, ಸಾಗಣೆಯಲ್ಲಿ ಪೆಟ್ಟಿಗೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದರೆ ಅಂಕಿ ಏರಿರುತ್ತದೆ. ಆಗ ಅಳೆದದ್ದು ನೆಲದ ಅಮೋನಿಯಂ ಮಾತ್ರವಲ್ಲ, ಬಂಗಡೆ ತಟ್ಟೆಯ ನೀರನ್ನೂ.